ಕನಕಾಂಬರವೋ ಸೇವಂತಿಗೆಯೋ: ಅಂಗೈ ಕಂಪ್ಯೂಟರಿನಲ್ಲಿ ಹುಡುಕಿದ ಒಂದು ಫೈಲು

ಎರಡು ಸಾವಿರದ ಏಳನೇ ಇಸವಿ. ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಡಿಟಿಪಿ ಎಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಫೋಟೋ ಕೂರಿಸಿ, ಪುಟ ಕಟ್ಟಿ ಅಚ್ಚಿಗೆ ಕಳಿಸುವ ಕೆಲಸ. ಮಾಲೀಕಳೂ ನಾನೇ, ಆಪರೇಟರೂ ನಾನೇ, ಬೆಳಿಗ್ಗೆ ಕಸ ಗುಡಿಸುವವಳೂ ನಾನೇ. ಜೊತೆಗೆ ಫಾತಿಮಾ ಇದ್ದಳು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು, ಕೈವೇಗದಲ್ಲಿ ನನಗಿಂತ ಬಹಳ ದೊಡ್ಡವಳು. ಮದುವೆ ಪತ್ರಿಕೆ, ತಿಥಿ ಕಾರ್ಡು, ದ್ರಾಕ್ಷಿ ಬಾಕ್ಸಿನ ಲೇಬಲ್ಲು, ಚುನಾವಣೆ ಬಂದರೆ ಎರಡೂ ಕಡೆಯವರ ಬೈಗುಳ, ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಮಾಡಿಕೊಡುತ್ತಿದ್ದೆವು. ಅಂದು ಕೀಲಿಮಣೆಯ ಮೇಲೆ ಹತ್ತು ಬೆರಳು ಓಡಿಸಿದವಳು ಈಗ ಮೊಮ್ಮಗಳು ಕಲಿಸಿಕೊಟ್ಟ ಹಾಗೆ ಮೊಬೈಲಿನ ಮೇಲೆ ಒಂದೇ ಬೆರಳಿನಲ್ಲಿ ಇದನ್ನು ಕುಟ್ಟುತ್ತಿದ್ದೇನೆ. ಒಂಬತ್ತು ಬೆರಳಿಗೆ ನಿವೃತ್ತಿ ಸಿಕ್ಕಿದೆ, ಒಂದಕ್ಕೆ ಇನ್ನೂ ಸಿಕ್ಕಿಲ್ಲ.

ನಮ್ಮ ಸೀಮೆಯಲ್ಲಿ ಹಳ್ಳಿಯವರು ನಾಟಕ ಆಡುತ್ತಾರೆಂದರೆ ಕರಪತ್ರ ಆಗಲೇಬೇಕು. ಮುಖ್ಯ ಪಾತ್ರದವರ ಫೋಟೋ ನಡುವೆ ದೊಡ್ಡದಾಗಿ, ಮಿಕ್ಕವರದು ಸುತ್ತಲೂ ಚಿಕ್ಕದಾಗಿ, ಒಬ್ಬೊಬ್ಬರ ಕೆಳಗೂ ಪಾತ್ರ ಮತ್ತು ಹೆಸರು. ಅಚ್ಚಾಗಿ ಬಂದ ಮೊದಲ ಪ್ರತಿಯನ್ನು ಊರ ದೇವರ ಮುಂದೆ ಎಲೆಯಡಿಕೆಯ ಜೊತೆ ಇಡುತ್ತಾರೆ. ಯಾರಾದರೂ ಒಬ್ಬರು ಅದನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಓದಿದ ಮೇಲೆ ಪಾತ್ರ ಬದಲಿಸುವಂತಿಲ್ಲ. ರಾಜನ ಪಾತ್ರದವನಿಗೆ ಚಳಿಜ್ವರ ಬಂದರೆ ಕಂಬಳಿ ಹೊದ್ದುಕೊಂಡೇ ಸಿಂಹಾಸನ ಏರಬೇಕು, ಅಷ್ಟು ಕಟ್ಟುನಿಟ್ಟು.

ಆ ವರ್ಷ ಶಿಡ್ಲಘಟ್ಟದ ದಾರಿಯಲ್ಲಿರುವ ಒಂದು ಹಳ್ಳಿಯ ಮಹಿಳಾ ಸಂಘದವರು ತಾವೇ ನಾಟಕ ಆಡುತ್ತೇವೆಂದು ಹೊರಟರು. ಅರಸನಿಂದ ಹಿಡಿದು ಬಾಗಿಲು ಕಾಯುವವನ ತನಕ ಎಲ್ಲ ಪಾತ್ರವೂ ಹೆಂಗಸರದೇ. ಊರಿನ ಗಂಡಸರು ಮೀಸೆ ಅಂಟಿಸಲು ಅಂಟು ಬೇಕಾದರೆ ಕೇಳಿ ಎಂದು ನಕ್ಕಿದ್ದರಂತೆ. ನಾಟಕ ಬರೆದವರೂ ಕಲಿಸಿದವರೂ ಹಾರ್ಮೋನಿಯಂ ನಾರಾಯಣಪ್ಪ ಮೇಷ್ಟ್ರು. ದರ್ಪದ ಅರಸನೊಬ್ಬ ಕಡೆಗೆ ತಾನಾಗಿಯೇ ಕಿರೀಟ ಕಳಚಿಡುವ ಕಥೆ. ಅರಸನ ಪಾತ್ರ ಮುನಿರತ್ನಮ್ಮನದು.

ಮುನಿರತ್ನಮ್ಮ ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸಕ್ಕಿದ್ದಳು. ಬಿಸಿನೀರಿನಲ್ಲಿ ಬೇಯುವ ಗೂಡುಗಳಿಂದ ಎಳೆ ಹುಡುಕಿ ತೆಗೆದು ರಾಟೆಗೆ ಕೊಡುವ ಕೆಲಸ. ದಿನವೆಲ್ಲಾ ಮಿಷನ್ನಿನ ಗಡಗಡ. ಆ ಗಡಗಡದ ಮೇಲೆ ತನಗೇ ಕೇಳಿಸುವಂತೆ ಅರಸನ ಪದ್ಯಗಳನ್ನು ಹಾಡಿ ಹಾಡಿ ಅವಳ ಗಂಟಲು ಎಂಥದಾಗಿತ್ತೆಂದರೆ, ಮೈಕಿನವನು ಅವಳನ್ನು ಕಂಡರೆ ಹೊಟ್ಟೆಪಾಡಿಗೆ ಹೆದರಬೇಕು. ಕರಪತ್ರದ ಫೋಟೋಗೆಂದು ಸಂಘದವರನ್ನು ಕರೆದುಕೊಂಡು ನಮ್ಮ ಅಂಗಡಿಗೆ ಬಂದಿದ್ದಾಗ ಒಂದು ಪದ್ಯ ಹೇಳಿ ತೋರಿಸಿದಳು. ಪಕ್ಕದ ಬೇಕರಿಯವನು ಏನಾಯಿತೆಂದು ಓಡಿಬಂದ.

ತೊಡಕು ಬಂದದ್ದು ಸರೋಜಮ್ಮನಿಂದ. ಅವರು ಅದೇ ಊರಿನವರು, ಮುನಿರತ್ನಮ್ಮ ಕೆಲಸ ಮಾಡುವ ಘಟಕದ ಯಜಮಾನರ ಹೆಂಡತಿ. ಪರದೆ, ದೀಪ, ಸಿಂಹಾಸನದ ಬಾಡಿಗೆಯೆಲ್ಲಾ ತಮ್ಮದೇ ಎಂದರು, ಆಮೇಲೆ ಅರಸನ ಪಾತ್ರವೂ ತಮಗೇ ಇರಲಿ ಎಂದರು. ಸಂಘದವರು ಇಲ್ಲವೆನ್ನಲಾರದೆ ಒಪ್ಪಿದರು. ಫಾತಿಮಾ ಸರೋಜಮ್ಮನನ್ನು ನಡುವೆ ಕೂರಿಸಿ, ಮುನಿರತ್ನಮ್ಮನನ್ನು ಮಂತ್ರಿಯಾಗಿ ಮೂಲೆಗೆ ಸರಿಸಿ, ಪುಟವನ್ನು ಅಚ್ಚಿಗೆ ಕಳಿಸಿದಳು. ವಿಷಯ ಆ ರಾತ್ರಿ ಮೇಷ್ಟ್ರ ಕಿವಿಗೆ ಬಿತ್ತು. ಅವರು ಸಂಘದವರ ಎದುರಿಗೇ ಹೇಳಿದರಂತೆ: "ಪದ್ಯ ಯಾರ ಗಂಟಲಲ್ಲೈತೋ ಪಾತ್ರ ಅವರ್ದು. ಇಲ್ಲಾ ಅಂದ್ರೆ ನಾನು ಪೆಟ್ಟಿಗೆ ಮುಚ್ಕೊಂಡು ಮನೆಗೋಯ್ತೀನಿ, ನೀವು ಬಾಯಲ್ಲೇ ಹಾರ್ಮೋನಿಯಂ ಬಾರಿಸ್ಕೊಳ್ರಮ್ಮ."

ಹಾಗಾಗಿ ಬೆಳಿಗ್ಗೆ ಸಂಘದವರ ಫೋನು ಬಂತು. ಅರಸ ಮತ್ತೆ ಮುನಿರತ್ನಮ್ಮ, ಮಂತ್ರಿ ಸರೋಜಮ್ಮ. ನಾನಾಗಲೇ ಒಂದು ಮದುವೆ ಪತ್ರಿಕೆಯ ಪ್ರೂಫ್ ಹಿಡಿದು ಶಿಡ್ಲಘಟ್ಟದ ಬಸ್ಸು ಹತ್ತಿದ್ದೆ. ಅಂದು ಫಾತಿಮಾಳಿಗೆ ಗೌರಿಬಿದನೂರಿನಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ. ಪುಟ ತಿದ್ದಿ, ಹೊಸದನ್ನು ಕಳಿಸಿ, ಅಂಗಡಿಯ ಫೋನಿನಿಂದ ನನ್ನ ಮೊಬೈಲಿಗೆ ಹೇಳಿದಳು: "ಕಳ್ಸಿಬಿಟ್ಟೆ ಲಲಿತಕ್ಕ. ಬಾಗ್ಲು ಹಾಕ್ಕೊಂಡು ಹೊರಟೆ." ನಾನೂ ಸರಿ ಎಂದೆ.

ಕಳಿಸುವುದು ಹೇಗೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ನಮ್ಮ ಬಣ್ಣದ ಕೆಲಸವೆಲ್ಲಾ ಬೆಂಗಳೂರಿನ ಒಂದು ಆಫ್‌ಸೆಟ್ ಪ್ರೆಸ್ಸಿಗೆ ಹೋಗುತ್ತಿತ್ತು. ಫೈಲು ದೊಡ್ಡದು, ಇಮೇಲಿನಲ್ಲಿ ಹಿಡಿಸದು. ಅದಕ್ಕೆ ಪ್ರೆಸ್ಸಿನವರು ಎಫ್‌ಟಿಪಿ ಸರ್ವರ್ ಇಟ್ಟಿದ್ದರು. ಹಳ್ಳಿಯಲ್ಲಿ ಹಾಲಿನ ಕ್ಯಾನು ಇಡುವ ಕಟ್ಟೆ ಇರುತ್ತದಲ್ಲ, ಹಾಗೆ. ನಾವು ಇಂಟರ್ನೆಟ್ ಮೂಲಕ ನಮ್ಮ ಫೈಲನ್ನು ಅಲ್ಲಿಟ್ಟು ಬರುತ್ತೇವೆ, ಅವರು ಬಂದು ಎತ್ತಿಕೊಂಡು ಹೋಗುತ್ತಾರೆ. ಒಳಗೆ ಹೋಗಲು ಒಂದು ಹೆಸರು, ಒಂದು ಪಾಸ್‌ವರ್ಡು. ಇಟ್ಟದ್ದನ್ನು ಅಳಿಸುವ ಅಧಿಕಾರ ನಮಗಿರಲಿಲ್ಲ. ಆದ್ದರಿಂದ ಹಳೆಯದೂ ಹೊಸದೂ ಅಕ್ಕಪಕ್ಕದಲ್ಲೇ ಕುಳಿತಿರುತ್ತಿದ್ದವು.

ಬೇರೆ ಅಂಗಡಿಯವರು ಫೈಲಿಗೆ ಫೈನಲ್, ಲಾಸ್ಟ್ ಎಂದು ಹೆಸರಿಡುತ್ತಿದ್ದರು. ಮದುವೆ ಪತ್ರಿಕೆಗೆ ಕೊನೆ ಎಂದು ಹೆಸರಿಡಲು ನನಗೆ ಮನಸ್ಸು ಬರಲಿಲ್ಲ, ಫಾತಿಮಾಳಿಗೂ ಬರಲಿಲ್ಲ. ನಮ್ಮಲ್ಲಿ ಒಂದು ರೂಢಿ ಬೆಳೆದಿತ್ತು. ಫೈಲು ಕಟ್ಟಿದವಳು ಅಂದು ಯಾವ ಹೂವು ಮುಡಿದಿದ್ದಾಳೋ ಆ ಹೂವಿನ ಹೆಸರೇ, ಇಂಗ್ಲಿಷ್ ಅಕ್ಷರದಲ್ಲಿ, ಫೈಲಿಗೆ. ಒಂದೇ ಕೋಣೆಯಲ್ಲಿ ಎದುರುಬದುರು ಕೂತಿದ್ದವರಿಗೆ ಇದಕ್ಕಿಂತ ಸುಲಭದ ಗುರುತು ಇರಲಿಲ್ಲ. ಕತ್ತೆತ್ತಿ ಜಡೆ ನೋಡಿದರೆ ಸಾಕು. ಆದರೆ ಜಡೆ ಗೌರಿಬಿದನೂರಿನ ಬಸ್ಸಿನಲ್ಲಿದ್ದರೆ ಏನು ಮಾಡಬೇಕೆಂದು ನಾವಿಬ್ಬರೂ ಯೋಚಿಸಿರಲಿಲ್ಲ.

ಶಿಡ್ಲಘಟ್ಟದಲ್ಲಿ ಪ್ರೂಫ್ ಕೊಟ್ಟು ಬಸ್ ನಿಲ್ದಾಣಕ್ಕೆ ಬರುವಾಗ ಊರಿಡೀ ಕರೆಂಟು ಹೋಗಿತ್ತು. ಮಿಷನ್ನು ನಿಂತದ್ದರಿಂದ ಹೊರಬಂದ ಮುನಿರತ್ನಮ್ಮ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಬಿಸಿನೀರಿನಲ್ಲಿ ನೆನೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ನನ್ನನ್ನು ಕಂಡು ಎದ್ದುಬಂದು, "ಅಕ್ಕ, ನಾಳೆ ಊರಲ್ಲಿ ಓದ್ತಾರಂತೆ. ನನ್ ಫೋಟೋ ನಡುವೆ ಬರ್ತದಲ್ಲಾ" ಎಂದಳು. ಬರುತ್ತದೆ ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಪ್ರೆಸ್ಸಿನ ಮಿಷನ್ ಆಪರೇಟರ್ ಸೆಲ್ವಂ.

"ಅಕ್ಕಾ, ನಿಮ್ಮ ನಾಟಕದ್ದು ಎರಡು ಫೈಲು ಇದೆ. ಓನರ್ ಬೆಳಿಗ್ಗೆ ಕಾಪಿ ಹಾಕ್ಕೊಟ್ಟು ಊರಿಗೆ ಹೋದ್ರು. ಒಂದು ಕನಕಾಂಬರ, ಒಂದು ಸೇವಂತಿಗೆ. ಕೆಳಗಡೆ ಇರೋದು ತಾನೇ ಹೊಸದು. ಸೇವಂತಿಗೆ ಹಾಕ್ತೀನಿ."

"ಕೆಳಗಿರೋದು ಅಕ್ಷರದ ಸಾಲಿಗೆ ಬಂದಿರೋದಪ್ಪ, ಹೊಸದಂತಲ್ಲ. ಯಾವುದು ಯಾವ ಹೊತ್ತಿಗೆ ಬಂತು ನೋಡು."

"ಎರಡಕ್ಕೂ ಇವತ್ತಿನ ಡೇಟೇ ತೋರಿಸ್ತಾ ಇದೆ. ಒಟ್ಟಿಗೇ ಕಾಪಿ ಆಯ್ತಲ್ಲ."

ಸೆಲ್ವಂ ಒಳ್ಳೆಯ ಕೆಲಸಗಾರ. ಬಣ್ಣ ಬೆರೆಸುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಆದರೆ ಅವನಿಗೆ ಕನ್ನಡ ಮಾತಾಡಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ಹಾಗಾಗಿ ಮುಖ ನೋಡಿ ಹೇಳೆಂದೆ.

"ನಡುವೆ ದೊಡ್ಡ ಫೋಟೋದಲ್ಲಿ ಯಾರಿದ್ದಾರೆ?"

"ಒಂದು ಅಮ್ಮ. ಹಸಿರು ಸೀರೆ."

"ಇನ್ನೊಂದು ಫೈಲಲ್ಲಿ?"

"ಅದರಲ್ಲೂ ಒಂದು ಅಮ್ಮ. ಹಸಿರು ಸೀರೆ."

ಸಂಘದವರೆಲ್ಲಾ ಸಮವಸ್ತ್ರದ ಸೀರೆಯಲ್ಲೇ ಫೋಟೋ ತೆಗೆಸಿಕೊಂಡಿದ್ದರು. "ಮೂಗುತಿ ಇದೆಯಾ?" ಎಂದೆ.

"ಅದರಲ್ಲೂ ಇದೆ, ಇದರಲ್ಲೂ ಇದೆ."

"ಸ್ವಲ್ಪ ದಪ್ಪ ಯಾರು?"

"ಫೋಟೋದಲ್ಲಿ ಎಲ್ಲಾರೂ ದಪ್ಪನೇ ಅಕ್ಕಾ."

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಮುನಿರತ್ನಮ್ಮ ನನ್ನ ಸೆರಗು ಎಳೆದಳು. "ನನ್ ಗಲ್ಲದ ಮೇಲೆ ಮಚ್ಚೆ ಐತಲ್ಲಕ್ಕ, ಅದನ್ನ ಹೇಳು." ಮಚ್ಚೆ ಇತ್ತು, ನಿಜ. ಆದರೆ ಕಲೆ, ಮಚ್ಚೆ, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ ಹೆಂಗಸರನ್ನು ಚಂದ ಮಾಡುವುದು ನಮ್ಮ ಅಂಗಡಿಯ ಹೆಗ್ಗಳಿಕೆ. ಅವಳ ಮಚ್ಚೆಯನ್ನು ಫಾತಿಮಾ ಮೊದಲ ದಿನವೇ ಒರೆಸಿ ಹಾಕಿದ್ದಳು.

"ಊಟ ಮುಗಿಸಿ ಬಂದು ಅಚ್ಚಿನ ಪ್ಲೇಟ್ ಏರಿಸ್ತೀನಿ. ಇವತ್ತು ಬಿಟ್ಟರೆ ಮಿಷನ್ನು ಮುಂದಿನ ವಾರ ಸಿಗೋದು. ಅಷ್ಟರೊಳಗೆ ಹೇಳಿ. ಹೇಳಿಲ್ಲಾಂದ್ರೆ ಸೇವಂತಿಗೆ" ಎಂದು ಸೆಲ್ವಂ ಫೋನಿಟ್ಟ.

ಮುನಿರತ್ನಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಏಮೈಂದಕ್ಕಾ?" ಏನಾಯಿತೆಂದು ತೆಲುಗಿನಲ್ಲಿ ಕೇಳಿದಳು. ಗಾಬರಿಯಾದರೆ ಅವಳಿಗೆ ತೆಲುಗು ಮೊದಲು ಬರುತ್ತಿತ್ತು. ಇದ್ದದ್ದನ್ನು ಹೇಳಿದೆ. ಅವಳು ಬೆಂಚಿನ ಮೇಲೆ ಕೂತುಬಿಟ್ಟಳು.

"ತಪ್ಪಾಗಿ ಅಚ್ಚಾಗಿ ಬಂದು ನಾಳೆ ಓದ್ಬಿಟ್ರೆ ಮುಗೀತಕ್ಕ. ಮೇಷ್ಟ್ರು ಹೇಳಿದ್ರೂ ನಡೆಯಲ್ಲ. ದೇವರ ಮುಂದೆ ಓದಿದ್ದು ಅಂತಾರೆ. ಅವರತ್ರಾನೇ ಕೆಲಸ ಮಾಡೋಳು ನಾನು, ನನ್ ಪಾತ್ರ ನಂಗೆ ಕೊಡಿ ಅಂತ ಜಗಳಕ್ಕೆ ನಿಂತ್ಕೊಳ್ಳೋಕಾಯ್ತದಾ? ಆರು ತಿಂಗಳು ಗೂಡಿನ ಜೊತೆ ಪದ್ಯಾನೂ ಬೇಯಿಸಿದೀನಿ."

ನಿನ್ನೆ ಫಾತಿಮಾ ಮುಡಿದದ್ದು ಯಾವ ಹೂವು? ಕಣ್ಣು ಮುಚ್ಚಿ ನೆನೆಸಿಕೊಂಡೆ. ಒಮ್ಮೆ ಕನಕಾಂಬರ ಕಂಡಿತು, ಮತ್ತೊಮ್ಮೆ ಸೇವಂತಿಗೆ. ಇನ್ನೂ ಸ್ವಲ್ಪ ಹೊತ್ತು ಯೋಚಿಸಿದ್ದರೆ ತಾವರೆಯೂ ಕಾಣುತ್ತಿತ್ತು. ಅವಳ ಹತ್ತಿರ ಮೊಬೈಲು ಇರಲಿಲ್ಲ, ಅಂಗಡಿಗೆ ಬೀಗ ಬಿದ್ದಿತ್ತು. ಉಳಿದದ್ದು ಒಂದೇ ದಾರಿ. ಪ್ರೆಸ್ಸಿನ ಎಫ್‌ಟಿಪಿ ಸರ್ವರನ್ನೇ ನೋಡುವುದು. ಯಾವ ಫೈಲು ಯಾವಾಗ ಬಂದು ಕೂತಿತೆಂದು ಅದಕ್ಕೆ ಗೊತ್ತಿರುತ್ತದೆ. ಬಸ್ ನಿಲ್ದಾಣದ ಪಕ್ಕದ ಸೈಬರ್ ಸೆಂಟರಿಗೆ ಹೋದೆವು. ಕರೆಂಟಿಲ್ಲದೆ ಅದರ ಮಾಲೀಕ ಹೊರಗೆ ಕುರ್ಚಿ ಹಾಕಿಕೊಂಡು ಬೀಸಣಿಗೆ ಬೀಸಿಕೊಳ್ಳುತ್ತಿದ್ದ.

ಅಲ್ಲೇ ಎದುರಿನ ಕ್ಲಿನಿಕ್ಕಿನ ಜಗಲಿಯ ಮೇಲೆ ಪ್ರವೀಣ ಕೂತಿದ್ದು ಕಂಡಿತು. ಚಿಂತಾಮಣಿಯವನು, ಔಷಧಿ ಕಂಪನಿಯ ಪ್ರತಿನಿಧಿ, ಎರಡು ಮಕ್ಕಳ ತಂದೆ. ಅವನ ವಿಸಿಟಿಂಗ್ ಕಾರ್ಡು ನಮ್ಮಲ್ಲೇ ಆಗುತ್ತಿತ್ತು. ಡಾಕ್ಟರು ಒಳಗೆ ಕರೆಯುವುದನ್ನು ಕಾಯುತ್ತಾ, ಅಂಗೈಯಷ್ಟು ಅಗಲದ ಒಂದು ಯಂತ್ರವನ್ನು ಪುಟ್ಟ ಕಡ್ಡಿಯಿಂದ ಚುಚ್ಚುತ್ತಿದ್ದ. ಕಂಪನಿ ಕೊಟ್ಟ ಅಂಗೈ ಕಂಪ್ಯೂಟರ್. ನಾನು ನೇರವಾಗಿ ಹೋಗಿ ಅದರಲ್ಲಿ ಇಂಟರ್ನೆಟ್ ಬರುತ್ತದೆಯೇ ಎಂದು ಕೇಳಿದೆ.

"ಬರುತ್ತೆ ಆಂಟಿ. ಆದ್ರೆ ಎತ್ತಿನ ಗಾಡಿ."

"ಗಾಡಿ ಇದ್ರೆ ಸಾಕು, ಎತ್ತಿಗೆ ನಾನು ಹೇಳ್ತೀನಿ. ಕೊಡಪ್ಪ ಇಲ್ಲಿ."

ಅದರ ಜೊತೆಯಲ್ಲೇ ಬಂದಿದ್ದ ಬ್ರೌಸರಿಗೆ ಎಫ್‌ಟಿಪಿ ಎಂದರೆ ಏನೆಂದೇ ಗೊತ್ತಿರಲಿಲ್ಲ. ವಿಳಾಸ ತಪ್ಪು ಎಂದು ನನಗೇ ಬುದ್ಧಿ ಹೇಳಿತು. ಪ್ರವೀಣ ತಾನು ಬೇರೆ ಹಾಕಿಕೊಂಡಿದ್ದ ಇನ್ನೊಂದು ಬ್ರೌಸರ್ ತೆರೆದುಕೊಟ್ಟ. ಸಾಮಾನ್ಯ ವೆಬ್ ವಿಳಾಸದ ಮೊದಲಿಗೆ ಬರುವ ಎಚ್‌ಟಿಟಿಪಿಯ ಜಾಗದಲ್ಲಿ ಎಫ್‌ಟಿಪಿ ಎಂದು ಬರೆದು, ನಮ್ಮ ಹೆಸರು, ಪಾಸ್‌ವರ್ಡು, ಅದರ ಮುಂದೆ ಸರ್ವರಿನ ವಿಳಾಸ ಕೊಟ್ಟರೆ ಬ್ರೌಸರಿನಲ್ಲೇ ಕಡತಗಳ ಪಟ್ಟಿ ತೆರೆದುಕೊಳ್ಳುತ್ತದೆ. ಹಾಗೆ ನೋಡಬಹುದು, ಇಳಿಸಿಕೊಳ್ಳಬಹುದು, ಹೊಸದನ್ನು ಇಡಲು ಮಾತ್ರ ಆಗದು. ನಮಗೆ ನೋಡುವುದಷ್ಟೇ ಬೇಕಿತ್ತು. ಕಡ್ಡಿಯಿಂದ ಒಂದೊಂದೇ ಅಕ್ಷರ ಚುಚ್ಚಿ ಕಳಿಸಿದೆ. ಕಾಯ್ದೆವು. ಒಳಗೆ ಬಿಡುವುದಿಲ್ಲ ಎಂದಿತು. ಮತ್ತೆ ಚುಚ್ಚಿದೆ. ಮತ್ತೆ ಅದೇ ಉತ್ತರ.

"ಪಾಸ್‌ವರ್ಡ್ ಮರ್ತಿದೀರೇನೋ ಆಂಟಿ."

"ನನ್ ಮದುವೆ ತಾರೀಕು ಮರೀತೀನಿ, ಇದನ್ನ ಮರೆಯಲ್ಲ."

ಮೂರನೇ ಸಲ ಬೆರಳು ನಿಧಾನ ಮಾಡಿ ನೋಡಿದೆ. ಅತಿವಿನಯದ ಯಂತ್ರ ಅದು. ನಾನು ಬರೆದ ಪಾಸ್‌ವರ್ಡಿನ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡಕ್ಷರ ಮಾಡುತ್ತಿತ್ತು. ಪಾಸ್‌ವರ್ಡಿಗೆ ಚಿಕ್ಕಕ್ಷರವೇ ಬೇಕು. ತಿದ್ದಿ ಕಳಿಸಿದೆ. ಈ ಸಲ ತಡವಾಯಿತು. ಒಂದು ಗೂಡಿನ ಎಳೆ ಪೂರ್ತಿ ಬಿಚ್ಚುವಷ್ಟು ತಡ. ಆಮೇಲೆ ಮೇಲಿನಿಂದ ಕೆಳಕ್ಕೆ ಸಾಲುಗಳು ಇಳಿಯತೊಡಗಿದವು. ನಮ್ಮ ಕಟ್ಟೆ, ನಮ್ಮ ಕ್ಯಾನುಗಳು. ಕನಕಾಂಬರ, ಸೇವಂತಿಗೆ, ಪಕ್ಕದಲ್ಲಿ ಬಂದ ದಿನ, ಹೊತ್ತು.

ಪ್ರವೀಣ ಬಗ್ಗಿ ನೋಡಿದ. "ಎರಡೂ ನಿನ್ನೇದೇ ಆಂಟಿ. ಇವತ್ತಿನ ಫೈಲೇ ಇಲ್ವಲ್ಲ."

ಫಾತಿಮಾ ಕಳಿಸಿದ್ದು ಹೋಗಿಯೇ ಇಲ್ಲವೇ? ಲೈನು ನಡುವೆ ಕಡಿದು, ಹೋಯಿತೆಂದುಕೊಂಡು ಅವಳು ಬಾಗಿಲು ಹಾಕಿದಳೇ?

ಆಗ ಪಟ್ಟಿಯಲ್ಲಿ ಇನ್ನೆರಡು ಪುಟ್ಟ ಕಡತಗಳು ಕಂಡವು. ಪುಟದ ಜೊತೆ ಬರೀ ಬರಹವನ್ನು ಬೇರೆ ಕಡತದಲ್ಲಿ ಇಡುವುದು ಫಾತಿಮಾಳ ಶಿಸ್ತು. ದೊಡ್ಡ ಪುಟವನ್ನು ತೆರೆಯಲು ಆ ಯಂತ್ರಕ್ಕೆ ಶಕ್ತಿಯಿರಲಿಲ್ಲ, ಬರಹವನ್ನು ತೆರೆಯಬಹುದಿತ್ತು. ಕನಕಾಂಬರದ ಬರಹವನ್ನು ಚುಚ್ಚಿದೆ. ತೆರೆಯಿತು. ಪ್ರವೀಣ ನಿಟ್ಟುಸಿರು ಬಿಟ್ಟ. "ಫೈಲ್ ಕೆಟ್ಟೋಗಿದೆ ಆಂಟಿ. ಬರೀ ಕಸ ಬರ್ತಿದೆ."

ಕಸದಂತೆಯೇ ಕಾಣುತ್ತಿತ್ತು. ಆ ಕಾಲದಲ್ಲಿ ನಾವು ಬಳಸುತ್ತಿದ್ದ ಕನ್ನಡ ಫಾಂಟುಗಳಲ್ಲಿ ಪ್ರತಿ ಕನ್ನಡ ಅಕ್ಷರದ ಬೆನ್ನಿಗೂ ಒಂದೊಂದು ಇಂಗ್ಲಿಷ್ ಗುರುತು ಕಟ್ಟಿರುತ್ತಿದ್ದರು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಮಾಯವಾಗಿ ಆ ಗುರುತುಗಳಷ್ಟೇ ಕಾಣುತ್ತವೆ. ಪೌಂಡಿನ ಗುರುತು, ತಲೆಯ ಮೇಲೆ ಗೀಟು ಬಿದ್ದ ಇಂಗ್ಲಿಷ್ ಅಕ್ಷರಗಳು, ಬಾಲ, ಚುಕ್ಕೆ. ನೋಡಿದವರು ಕಂಪ್ಯೂಟರಿಗೆ ವೈರಸ್ ಬಂದಿದೆ ಎನ್ನುತ್ತಾರೆ. ಆದರೆ ಫಾಂಟು ಕೈಕೊಟ್ಟಾಗಲೆಲ್ಲಾ ಈ ಕಸವನ್ನೇ ನೋಡಿ ಕೆಲಸ ಮುಗಿಸಿದ ನನಗೂ ಫಾತಿಮಾಳಿಗೂ ಅದು ಎರಡನೇ ಕನ್ನಡವಾಗಿತ್ತು. ಬೇಕೆಂದೇ ಅದರಲ್ಲಿ ಒಬ್ಬರಿಗೊಬ್ಬರು ಚೀಟಿ ಬರೆದುಕೊಳ್ಳುತ್ತಿದ್ದೆವು, ಗಿರಾಕಿಗಳನ್ನು ಅವರೆದುರಿಗೇ ಆಡಿಕೊಳ್ಳಲು.

ಕನ್ನಡಕ ಒರೆಸಿ ಯಂತ್ರವನ್ನು ಮೂಗಿನ ಹತ್ತಿರ ಹಿಡಿದೆ. ಮೊದಲ ಸಾಲು ಸಂಘದ ಹೆಸರು. ಆಮೇಲೆ ನಾಟಕದ ಹೆಸರು. ಮೂರನೇ ಸಾಲು ಅರಸನದು. ಪಾತ್ರದ ಮುಂದಿನ ಹೆಸರು ಸರೋಜಮ್ಮ ಎಂದಿದ್ದರೆ ಮೊದಲಿಗೆ ಅಲ್ಪವಿರಾಮದಂಥ ಬಾಲ ಇರಬೇಕು. ಬಾಲ ಇರಲಿಲ್ಲ. ಅಡಿಗೀಟು ಹಾಕಿದ ಪುಟಾಣಿ ಇಂಗ್ಲಿಷ್ ಅಕ್ಷರ ಇತ್ತು. ಅದರ ಮುಂದೆ ನಾಲ್ಕು ಮೂಲೆಗೂ ಮುಳ್ಳು ಮೂಡಿದ ಸೊನ್ನೆ. ನಮ್ಮ ಎರಡನೇ ಕನ್ನಡದಲ್ಲಿ ಆ ಮುಳ್ಳಿನ ಸೊನ್ನೆಯನ್ನು ‘ನಿ’ ಎಂದು ಓದಬೇಕು.

"ಮು. ನಿ." ಎಂದೆ.

ಮುನಿರತ್ನಮ್ಮ ನನ್ನ ಭುಜ ಹಿಡಿದುಕೊಂಡಳು.

"ರ. ತ್ನ. ಮ್ಮ."

ಅಷ್ಟರಲ್ಲೇ ಬಿಡದೆ ಸೇವಂತಿಗೆಯ ಬರಹವನ್ನೂ ತೆರೆಸಿದೆ. ಅದರ ಮೂರನೇ ಸಾಲಿನಲ್ಲಿ ಬಾಲ ಇತ್ತು, ಸರೋಜಮ್ಮ ಸಿಂಹಾಸನದ ಮೇಲೆ ಕೂತಿದ್ದರು. ಎರಡನ್ನೂ ನೋಡಿದ ಮೇಲೆ ಪ್ರವೀಣನಿಗೆ ಹೊಳೆಯಿತು. "ಸರ್ವರ್ ಫಾರಿನ್ನಲ್ಲಿರ್ಬೇಕು ಆಂಟಿ. ಅಲ್ಲಿನ ಗಡಿಯಾರಕ್ಕೆ ನಮ್ಮ ಬೆಳಿಗ್ಗೆ ಅಂದ್ರೆ ಇನ್ನೂ ಹಿಂದಿನ ದಿನದ ರಾತ್ರಿ." ಹೊತ್ತು ನೋಡಿದರೆ ಸರಿಯಾಗಿಯೇ ಇತ್ತು. ಸೇವಂತಿಗೆ ಮೊದಲು ಬಂದದ್ದು, ಕನಕಾಂಬರ ಆಮೇಲೆ. ಪುಟದ ಫೈಲುಗಳ ಅಳತೆಯೂ ಹೆಚ್ಚುಕಡಿಮೆ ಒಂದೇ, ಲೈನು ಎಲ್ಲೂ ಕಡಿದಿರಲಿಲ್ಲ.

ಸೆಲ್ವಂ ಫೋನು ಎತ್ತುವಾಗ ಬಾಯಲ್ಲಿ ಅನ್ನ ಇತ್ತು.

"ಕನಕಾಂಬರ ಹಾಕಪ್ಪ. ಸೇವಂತಿಗೆ ಬಾಡಿಹೋಗಿದೆ."

"ಗ್ಯಾರಂಟಿನಾ ಅಕ್ಕಾ? ಆಮೇಲೆ ನನ್ನ ಬೈಬಾರದು."

"ಕಣ್ಣಾರೆ ಓದಿದೀನಿ. ನಡುವೆ ಇರೋ ಅಮ್ಮ ಇಲ್ಲೇ ನನ್ ಪಕ್ಕದಲ್ಲಿ ನಿಂತವ್ಳೆ, ಬೇಕಾದ್ರೆ ಕೇಳ್ಕೋ" ಎಂದು ಮೊಬೈಲನ್ನು ಮುನಿರತ್ನಮ್ಮನಿಗೆ ಕೊಟ್ಟೆ. ಅವಳು ಅರಸನ ಪ್ರವೇಶದ ಪದ್ಯವನ್ನು ಮೊದಲ ಸಾಲಿನಿಂದ ಎತ್ತಿಕೊಂಡಳು. ಬಸ್ ನಿಲ್ದಾಣದ ಜನ ತಿರುಗಿ ನೋಡಿದರು. ಕ್ಲಿನಿಕ್ಕಿನ ಒಳಗಿಂದ ಡಾಕ್ಟರು ಪರದೆ ಸರಿಸಿ ಹೊರಗೆ ಇಣುಕಿದರು. ಆ ಕಡೆಯಿಂದ ಸೆಲ್ವಂ, "ಸಾಕಮ್ಮ, ಪ್ಲೇಟ್ ಏರಿಸ್ತೀನಿ, ಕಿವಿ ಹೋಯ್ತು" ಎಂದದ್ದು ನನಗೂ ಕೇಳಿಸಿತು.

ಮಾರನೆಯ ದಿನ ಬೆಂಗಳೂರಿನಿಂದ ಬಂದ ಬಂಡಲು ಬಿಚ್ಚಿ, ಮೊದಲ ಪ್ರತಿಯನ್ನು ನಾನೇ ಹಳ್ಳಿಗೆ ಹಿಡಿದುಕೊಂಡು ಹೋದೆ. ಸೆಲ್ವಂನ ಬಣ್ಣ ಕಣ್ಣಿಗೆ ಹಬ್ಬವಾಗಿತ್ತು. ದೇವರ ಮುಂದೆ ಎಲೆಯಡಿಕೆ ಇಟ್ಟು ಮೇಷ್ಟ್ರು ಓದಿದರು. ಅರಸನ ಹೆಸರು ಬಂದಾಗ ಸಂಘದ ಹೆಂಗಸರು ಚಪ್ಪಾಳೆ ತಟ್ಟಿದರು. ಅಂಟಿನ ಮಾತಾಡಿದ್ದ ಗಂಡಸರು ಕರಪತ್ರವನ್ನು ಕೈಯಿಂದ ಕೈಗೆ ದಾಟಿಸಿಕೊಂಡು ತಮ್ಮ ತಮ್ಮ ಹೆಂಡತಿಯರ ಫೋಟೋ ಹುಡುಕುತ್ತಿದ್ದರು. ಮುನಿರತ್ನಮ್ಮ ಮಾತ್ರ ನೆಲ ನೋಡುತ್ತಾ ನಿಂತಿದ್ದಳು. ಸರೋಜಮ್ಮ ಏನನ್ನುತ್ತಾರೋ ಎಂಬ ಅಳುಕು.

ಸರೋಜಮ್ಮ ಕರಪತ್ರವನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ನೋಡಮ್ಮ ಮುನಿರತ್ನ, ಸ್ಟೇಜ್ ಮೇಲೆ ನಾನು ನಿಂಗೆ ಕೈಮುಗೀತೀನಿ. ಪಾತ್ರ ಹಂಗೈತೆ. ಮಾರನೇ ದಿನ ನೀನು ಕಿರೀಟ ಬಿಚ್ಚಿಟ್ಟು ಟೈಮಿಗೆ ಸರಿಯಾಗಿ ಕೆಲಸಕ್ಕೆ ಬರ್ಬೇಕು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನನ್ ಫೋಟೋ ಇನ್ನೊಂಚೂರು ದೊಡ್ಡದು ಮಾಡ್ಬೋದಾಗಿತ್ತು, ಮಂತ್ರಿ ಏನು ಕಮ್ಮಿಯೋನಾ" ಎಂದರು. ಮುನಿರತ್ನಮ್ಮ ಮೊದಲ ಸಲ ತಲೆಯೆತ್ತಿ ನಕ್ಕಳು. ನಾಟಕದ ದಿನ ಸರೋಜಮ್ಮನ ಮಂತ್ರಿ ಎಷ್ಟು ಚೆನ್ನಾಗಿ ಕುತಂತ್ರ ಮಾಡಿದನೆಂದರೆ, ಅದಕ್ಕೆ ಅಭ್ಯಾಸವೇ ಬೇಕಿರಲಿಲ್ಲ ಎಂದು ಊರವರು ಇಂದಿಗೂ ಹೇಳುತ್ತಾರೆ. ಮುನಿರತ್ನಮ್ಮನ ಪದ್ಯಗಳಿಗೆ ಎಷ್ಟು ಸಲ ಒನ್ಸ್‌ಮೋರ್ ಬಿತ್ತು ಎಂಬುದನ್ನು ಯಾರೂ ಎಣಿಸಲಿಲ್ಲ, ಎಣಿಸಬೇಕಾದವರೇ ಒನ್ಸ್‌ಮೋರ್ ಕೂಗುತ್ತಿದ್ದರು.

ಈಗಿನ ಬ್ರೌಸರುಗಳು ಎಫ್‌ಟಿಪಿ ವಿಳಾಸ ಕೊಟ್ಟರೆ ತೆರೆಯುವುದೇ ಇಲ್ಲ. ಫಾಂಟುಗಳೂ ಸುಧಾರಿಸಿ ನಮ್ಮ ಎರಡನೇ ಕನ್ನಡಕ್ಕೆ ಓದುಗರಿಲ್ಲ. ಹೋಗಲಿ, ಯಂತ್ರಗಳು ಬರುತ್ತವೆ, ಹೋಗುತ್ತವೆ. ಆ ಮಧ್ಯಾಹ್ನ ಕಲಿಸಿದ್ದು ಬೇರೆ. ಫಾತಿಮಾ ಕಳಿಸಿದ್ದು ನಿಜ, ಸೆಲ್ವಂನ ಕೈಗೆ ಬಂದದ್ದೂ ನಿಜ, ಇಬ್ಬರೂ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದರು. ಆದರೂ ಇಬ್ಬರ ನಡುವೆ ಮುನಿರತ್ನಮ್ಮ ಸಿಂಹಾಸನದಿಂದ ಜಾರಿಬೀಳುವುದರಲ್ಲಿದ್ದಳು. ಕಳಿಸಿದವಳ ಕೆಲಸ ಕಳಿಸಿದಾಗ ಮುಗಿಯುವುದಿಲ್ಲ. ಆ ತುದಿಯಲ್ಲಿ ಏನು ತಲುಪಿತೆಂದು ತಾನೇ ತೆರೆದು, ಯಾರ ಹೆಸರಿರಬೇಕೋ ಅವರ ಹೆಸರೇ ಅಲ್ಲಿದೆಯೆಂದು ಅಕ್ಷರ ಅಕ್ಷರವಾಗಿ ಓದಿ ನೋಡಿದಾಗ ಮುಗಿಯುತ್ತದೆ.